ಮೂಲದ ಹಕ್ಕು: ದತ್ತುವಿನ ಕಥನ, ಕೃತಿಯ ರೂಪಾಂತರ ಮತ್ತು ಚಿನ್ನದ ಗಣಿಯ ನೆಲ

1

ಬೆಂಗಳೂರಿನಿಂದ ಪೂರ್ವಕ್ಕೆ ಹೊರಟ ರೈಲುಮಾರ್ಗವು ಮಾಲೂರನ್ನು ದಾಟಿ ಸೇರುವ ಜಂಕ್ಷನ್ನಿಗೆ ಇಂದು ಬಂಗಾರಪೇಟೆ ಎಂದು ಹೆಸರು. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಅದು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರರಾಗಿದ್ದ ಲೂಯಿನ್ ಬೌರಿಂಗ್ ಅವರ ಹೆಸರನ್ನು ಹೊತ್ತ ಪೇಟೆ ಅದು. ಅಲ್ಲಿಂದ ಕವಲೊಡೆದು ಗಣಿಗಳ ಕಡೆಗೆ ಹೋಗುವ ದಾರಿಯಲ್ಲಿ ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ನಿಲ್ದಾಣಗಳು ಬರುತ್ತವೆ. ಗಣಿಯ ಊರಿನೊಳಗೆ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಿವೆ. ನೆಲದ ಹಳೆಯ ಹೆಸರು, ಗಣಿ ಕಂಪನಿಯ ಹೆಸರು, ಪರದೇಶದ ಅಧಿಕಾರಿಯ ಹೆಸರು ಇವು ಮೂರೂ ಇಲ್ಲಿ ಒಂದರ ಪಕ್ಕದಲ್ಲಿ ಒಂದು ಉಳಿದುಕೊಂಡಿವೆ. ಬೌರಿಂಗ್ ಎಂಬ ಶಬ್ದದ ಜಾಗದಲ್ಲಿ ಅದಕ್ಕೆ ಸಮೀಪದ ಧ್ವನಿಯುಳ್ಳ ಬಂಗಾರ ಎಂಬ ಶಬ್ದ ಬಂದು ಕುಳಿತಿದೆ. ಹೊಸ ಹೆಸರು ಊರಿಗೆ ಚೆನ್ನಾಗಿ ಒಪ್ಪುತ್ತದೆ. ಅದು ಎಷ್ಟರ ಮಟ್ಟಿಗೆ ಒಪ್ಪುತ್ತದೆಂದರೆ, ಹಳೆಯ ಹೆಸರೊಂದು ಇತ್ತೆಂಬ ಸಂಶಯವೂ ಕೇಳುವವರಿಗೆ ಬರುವುದಿಲ್ಲ.

ಊರಿಗೆ ಆದದ್ದು ಮಗುವಿಗೂ ಆಗುತ್ತದೆ, ಪುಸ್ತಕಕ್ಕೂ ಆಗುತ್ತದೆ. ದತ್ತು ಹೋದ ಮಗು ಹೊಸ ಮನೆ, ಹೊಸ ಹೆಸರು, ಕೆಲವೊಮ್ಮೆ ಹೊಸ ಭಾಷೆಯನ್ನು ಪಡೆಯುತ್ತದೆ. ಚಲನಚಿತ್ರವಾದ ಕಾದಂಬರಿ ಹೊಸ ಮಾಧ್ಯಮವನ್ನು, ಹೊಸ ಪ್ರೇಕ್ಷಕರನ್ನು, ಕೆಲವೊಮ್ಮೆ ಹೊಸ ಮುಕ್ತಾಯವನ್ನೇ ಪಡೆಯುತ್ತದೆ. ಎರಡು ಸಂದರ್ಭಗಳಲ್ಲೂ ಪಡೆದುಕೊಂಡವರು ಮೂಲಕ್ಕೆ ಏನನ್ನು ಉಳಿಸಿಕೊಡುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ದತ್ತುವಿನ ಕಥೆ ಹೇಳುವ ಚಿತ್ರವು ಹೆತ್ತ ತಾಯಿಗೆ ಕೊಡುವ ಸ್ಥಾನವನ್ನೂ ಅದು ತನ್ನ ಆಧಾರಕೃತಿಯೊಂದಿಗೆ ಇಟ್ಟುಕೊಳ್ಳುವ ಸಂಬಂಧವನ್ನೂ ಜೊತೆಯಾಗಿಟ್ಟು ನೋಡಿದರೆ ಎರಡರ ಹಿಂದೆಯೂ ಒಂದೇ ನೈತಿಕ ಪ್ರಶ್ನೆ ಇರುವುದು ಕಾಣುತ್ತದೆ. ಕೆಲವು ಚಿತ್ರಗಳ ಮೂಲಕ ಈ ಮಾತನ್ನು ಪರೀಕ್ಷಿಸಿ, ಕೋಲಾರದ ಚಿನ್ನದ ಗಣಿಯನ್ನು ಕುರಿತ ಇತ್ತೀಚಿನ ಚಿತ್ರಗಳಿಗೆ ಅದನ್ನು ಅನ್ವಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ದತ್ತು ಎಂಬ ಪದದ ಮೂಲದಲ್ಲಿ ಕೊಡುವ ಕ್ರಿಯೆಯಿದೆ. ದತ್ತಕನೆಂದರೆ ಕೊಡಲ್ಪಟ್ಟವನು. ಪಿಂಡ ಹಾಕುವುದಕ್ಕೆ, ಆಸ್ತಿ ಉಳಿಸುವುದಕ್ಕೆ, ವಂಶದ ಹೆಸರು ಮುಂದುವರಿಸುವುದಕ್ಕೆ ಗಂಡು ಮಗುವನ್ನು ಸ್ವೀಕರಿಸುವುದು ನಮ್ಮ ಸಾಂಪ್ರದಾಯಿಕ ದತ್ತುವಿನ ಸ್ವರೂಪ. ಅಲ್ಲಿ ಕೊಟ್ಟವರು ಯಾರೆಂಬುದು ಊರಿಗೆಲ್ಲ ತಿಳಿದಿರುತ್ತದೆ. ಕೊಟ್ಟ ತಾಯಿ ಬಹುಮಟ್ಟಿಗೆ ಪಕ್ಕದ ಊರಿನಲ್ಲೋ ಅದೇ ಬಳಗದಲ್ಲೋ ಇರುತ್ತಾಳೆ. ದೇಶ ದಾಟಿದ ದತ್ತುವಿನಲ್ಲಿ ಈ ತಿಳಿವಳಿಕೆ ಮೊದಲು ಕಡಿದುಹೋಗುತ್ತದೆ. ಕೊಟ್ಟವರ ಜಾಗದಲ್ಲಿ ಒಂದು ಸಂಸ್ಥೆ, ಒಂದು ಕಡತ, ಒಂದು ನ್ಯಾಯಾಲಯದ ಆದೇಶ ನಿಲ್ಲುತ್ತವೆ.

ಈ ಬೆಳವಣಿಗೆಗೆ ಕನ್ನಡ ನಾಡಿನಲ್ಲಿ ಪೂರ್ವರೂಪಗಳಿವೆ. ಕೊಡಗಿನ ಕೊನೆಯ ಅರಸ ಚಿಕವೀರ ರಾಜೇಂದ್ರನು 1834ರಲ್ಲಿ ರಾಜ್ಯವನ್ನು ಕಳೆದುಕೊಂಡ ಮೇಲೆ ಕಾಶಿಯಲ್ಲಿದ್ದು, 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದನು. ಅದೇ ವರ್ಷ ಆಕೆಗೆ ಕ್ರೈಸ್ತದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಆ ಬಾಲಕಿಗೆ ಕೊಟ್ಟಳು. ವಿಕ್ಟೋರಿಯಾ ಗೌರಮ್ಮ ಆಂಗ್ಲ ಕುಟುಂಬಗಳ ಪಾಲನೆಯಲ್ಲಿ ಬೆಳೆದು, ಆಂಗ್ಲ ಸೇನಾಧಿಕಾರಿಯೊಬ್ಬನನ್ನು ಮದುವೆಯಾಗಿ, 1864ರಲ್ಲಿ ಅಲ್ಲಿಯೇ ತೀರಿಕೊಂಡಳು. ಕಾನೂನಿನ ಅರ್ಥದಲ್ಲಿ ಇದು ದತ್ತುವಲ್ಲ. ಆದರೆ ಹೆಸರು, ಧರ್ಮ, ಭಾಷೆ, ಮನೆ ನಾಲ್ಕೂ ಬದಲಾದ ಮಗುವಿನ ಚರಿತ್ರೆ ಇದು. ಆಕೆಯ ತಂದೆಯನ್ನು ಕುರಿತು ‘ಚಿಕವೀರ ರಾಜೇಂದ್ರ’ ಎಂಬ ಕಾದಂಬರಿ ಬರೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬಂಗಾರಪೇಟೆಗೆ ನೆರೆಯ ಮಾಲೂರು ತಾಲ್ಲೂಕಿನವರೆಂಬುದು ಈ ಪ್ರದೇಶದ ಸಾಹಿತ್ಯಚರಿತ್ರೆಯಲ್ಲಿ ನೆನೆಯತಕ್ಕ ಸಂಗತಿ.

ಕೋಲಾರದ್ದೇ ಆದ ಇನ್ನೊಂದು ನಿದರ್ಶನವಿದೆ. 1876–78ರ ಮಹಾಬರದ ಕಾಲದಲ್ಲಿ ತಬ್ಬಲಿಗಳಾದ ಮಕ್ಕಳಿಗಾಗಿ ಮಿಸ್ ಆನ್‌ಸ್ಟಿ ಎಂಬ ಆಂಗ್ಲ ಮಿಷನರಿ ಮಹಿಳೆ ಕೋಲಾರದಲ್ಲಿ ಅನಾಥಾಲಯ ನಡೆಸಿದರು. ಅವರು ಕಟ್ಟಿದ ಕಾರ್ಯ ಮುಂದೆ ಅಮೆರಿಕದ ಮೆಥಡಿಸ್ಟ್ ಮಿಷನ್ನಿಗೆ ಸೇರಿತು. ಇಲ್ಲಿ ಮಗು ದೇಶ ಬಿಟ್ಟು ಹೋಗಲಿಲ್ಲ. ಸಾಕುವವರೇ ದೇಶ ದಾಟಿ ಬಂದರು. ಬರಗಾಲದ ಮಗುವಿನ ಜೀವ ಉಳಿಯಿತೆಂಬುದು ದೊಡ್ಡ ಮಾತು. ಅದರ ಜೊತೆಗೇ ಆ ಮಗುವಿನ ಕಥೆಯನ್ನು ಬರೆಯುವ ಅಧಿಕಾರವೂ ಸಾಕಿದವರ ವರದಿಗಳಿಗೆ ಹೋಯಿತೆಂಬುದನ್ನು ಮರೆಯುವಂತಿಲ್ಲ. ಉಪಕಾರವೂ ಅಳಿಸುವಿಕೆಯೂ ಒಂದೇ ಕೈಯಿಂದ ನಡೆಯುವ ಈ ಸಂಕೀರ್ಣತೆಯೇ ದತ್ತುವಿನ ಕಥನಗಳ ಕೇಂದ್ರದಲ್ಲಿರುತ್ತದೆ.

ಸ್ವತಂತ್ರ ಭಾರತದಲ್ಲಿ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ದೇಶದೊಳಗಿನ ಹಿಂದೂ ಕುಟುಂಬಗಳಿಗೆ ಸಂಬಂಧಿಸಿದ್ದು. ವಿದೇಶೀಯರು 1890ರ ಪಾಲಕ ಮತ್ತು ಪಾಲಿತರ ಕಾಯಿದೆಯಡಿ ಮಗುವಿನ ಪಾಲಕರೆಂದು ನೇಮಕಗೊಂಡು, ಮಗುವನ್ನು ಕರೆದೊಯ್ದು, ತಮ್ಮ ದೇಶದಲ್ಲಿ ದತ್ತು ಪಡೆಯುತ್ತಿದ್ದರು. 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವ್ಯವಹಾರಕ್ಕೆ ಮೊದಲ ಬಾರಿಗೆ ವಿಸ್ತಾರವಾದ ಕಟ್ಟಳೆಗಳನ್ನು ವಿಧಿಸಿತು. ಮಗುವಿಗೆ ದೇಶದೊಳಗೆ ಮನೆ ಹುಡುಕುವುದು ಮೊದಲ ಕರ್ತವ್ಯವೆಂದು ಆ ತೀರ್ಪು ಹೇಳಿತು. 1993ರ ಹೇಗ್ ಒಡಂಬಡಿಕೆಯನ್ನು ಭಾರತ 2003ರಲ್ಲಿ ಸ್ಥಿರೀಕರಿಸಿತು. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ನಿಯಮಗಳು ಬೆಳೆದು ದೊಡ್ಡವರಾದ ದತ್ತುಮಕ್ಕಳಿಗೆ ಮೂಲಶೋಧದ ಅವಕಾಶವನ್ನು ಗುರುತಿಸಿವೆ. ಕಾನೂನಿನ ಈ ಮಾತು ವಿಮರ್ಶೆಗೂ ಉಪಯುಕ್ತ. ಪಡೆದ ಮನೆಯನ್ನು ನಿರಾಕರಿಸದೆಯೇ ಬಂದ ದಾರಿಯನ್ನು ಅರಿಯುವ ಹಕ್ಕನ್ನು ಅದು ಹೇಳುತ್ತದೆ.

3

ಅಂತರರಾಷ್ಟ್ರೀಯ ದತ್ತುವನ್ನು ಕುರಿತು ಜಗತ್ತಿನಾದ್ಯಂತ ನೋಡಲ್ಪಟ್ಟ ಚಿತ್ರ ಗಾರ್ತ್ ಡೇವಿಸ್ ನಿರ್ದೇಶಿಸಿದ ‘ಲಯನ್’ (2016). ಇದರ ಆಧಾರ ಕಾದಂಬರಿಯಲ್ಲ, ಸರೂ ಬ್ರಿಯರ್ಲಿಯವರು 2013ರಲ್ಲಿ ಪ್ರಕಟಿಸಿದ ‘ಎ ಲಾಂಗ್ ವೇ ಹೋಮ್’ ಎಂಬ ಆತ್ಮಕಥನ. ಮಧ್ಯಪ್ರದೇಶದ ಖಂಡ್ವಾದ ಐದು ವರ್ಷದ ಹುಡುಗನೊಬ್ಬ ಅಣ್ಣನೊಂದಿಗೆ ಬುರ್ಹಾನ್‌ಪುರ ನಿಲ್ದಾಣಕ್ಕೆ ಹೋಗಿ, ನಿಂತ ರೈಲಿನಲ್ಲಿ ನಿದ್ದೆಹೋಗಿ, ಕಲ್ಕತ್ತೆಯನ್ನು ಸೇರುತ್ತಾನೆ. ಅಲ್ಲಿಂದ ಅನಾಥಾಲಯಕ್ಕೆ ಹೋಗಿ, 1987ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟಿನ ದಂಪತಿಗಳ ಮಗನಾಗುತ್ತಾನೆ. ಕಾಲು ಶತಮಾನದ ಮೇಲೆ ಉಪಗ್ರಹದ ಭೂಚಿತ್ರಗಳಲ್ಲಿ ರೈಲುಹಳಿಗಳನ್ನು ಹಿಂಬಾಲಿಸಿ, 2012ರಲ್ಲಿ ತಾಯಿಯನ್ನು ಕಾಣುತ್ತಾನೆ.

ಈ ಕಥೆಯ ಗಂಟು ಬಡತನದಲ್ಲಿರುವಷ್ಟೇ ಉಚ್ಚಾರಣೆಯಲ್ಲೂ ಇದೆ. ತನ್ನ ವಾಸಸ್ಥಳ ಗಣೇಶ ತಲಾಯಿ ಎಂಬುದನ್ನು ಮಗು ‘ಗಣೆಸ್ತಲೆ’ ಎಂದು ಹೇಳುತ್ತದೆ. ಆ ಹೆಸರಿನ ಊರು ಯಾವ ಪಟ್ಟಿಯಲ್ಲೂ ಇಲ್ಲ. ಶೇರು ಎಂಬ ತನ್ನ ಹೆಸರನ್ನೇ ಅದು ಸರೂ ಎಂದು ಉಚ್ಚರಿಸುತ್ತದೆ. ಹಾಗೆ ತಪ್ಪಿದ ಹೆಸರೇ ಕಡತಕ್ಕೆ ಹೋಗಿ, ಕಡಲು ದಾಟಿ, ಕೊನೆಗೆ ಒಬ್ಬ ಮನುಷ್ಯನ ಗುರುತಾಗುತ್ತದೆ. ಶೇರು ಎಂದರೆ ಸಿಂಹ. ಚಿತ್ರದ ಶೀರ್ಷಿಕೆಯ ಅರ್ಥ ಪ್ರೇಕ್ಷಕನಿಗೆ ಕೊನೆಯಲ್ಲಿ, ತೆರೆಯ ಮೇಲಿನ ಬರಹದಲ್ಲಿ ತಿಳಿಯುತ್ತದೆ. ಪುಸ್ತಕಕ್ಕೆ ಇಲ್ಲದ ಈ ಶೀರ್ಷಿಕೆಯನ್ನು ಚಿತ್ರ ತಾನಾಗಿ ಆರಿಸಿಕೊಂಡದ್ದು. ಆದರೆ ಅದು ಹೇರಿದ ಹೆಸರಲ್ಲ, ತಾಯಿ ಇಟ್ಟ ಹೆಸರಿನ ಅರ್ಥವನ್ನೇ ಹಿಂದಕ್ಕೆ ತಂದದ್ದು. ರೂಪಾಂತರವು ಮೂಲಕ್ಕೆ ಋಣ ಸಲ್ಲಿಸುವ ಬಗೆಗಳಲ್ಲಿ ಇದೂ ಒಂದು.

ಆತ್ಮಕಥನವು ವಯಸ್ಕನ ನೆನಪಿನ ಧ್ವನಿಯಲ್ಲಿ ನಡೆಯುತ್ತದೆ. ಮಗುವಿಗೆ ಆದದ್ದನ್ನು ದೊಡ್ಡವನು ಇಂಗ್ಲಿಷಿನಲ್ಲಿ ವಿವರಿಸುತ್ತಾನೆ. ಚಿತ್ರಕಥೆ ಬರೆದ ಲ್ಯೂಕ್ ಡೇವಿಸ್ ಈ ಕ್ರಮವನ್ನು ಬದಲಿಸಿ, ಮೊದಲ ಅರ್ಧವನ್ನು ಮಗುವಿನ ಕಣ್ಣಿಗೂ ಹಿಂದಿ, ಬಂಗಾಳಿ ಮಾತುಗಳಿಗೂ ಬಿಟ್ಟುಕೊಟ್ಟಿದ್ದಾರೆ. ತಾಯಿಯ ಹೆಸರೇನೆಂದು ಕೇಳಿದಾಗ ಅಮ್ಮ ಎಂದಷ್ಟೇ ಹೇಳಬಲ್ಲ ಮಗುವಿನ ಅಸಹಾಯಕತೆಯನ್ನು ಪ್ರೇಕ್ಷಕ ವಿವರಣೆಯಿಲ್ಲದೆ ಅನುಭವಿಸುತ್ತಾನೆ. ಇದು ಮಾಧ್ಯಮಾಂತರದ ಲಾಭ. ಇದರ ನಷ್ಟವೂ ಉಂಟು. ಎರಡನೆಯ ಅರ್ಧದಲ್ಲಿ ತಾಯಿ ಕೇವಲ ಸ್ಮೃತಿಚಿತ್ರವಾಗಿ, ಬೆಟ್ಟದ ದಾರಿಯಲ್ಲಿ ಕಲ್ಲು ಹೊರುವ ಹೆಂಗಸಾಗಿ, ಆಗಾಗ ಮಿಂಚಿ ಮರೆಯಾಗುತ್ತಾಳೆ. ಇಪ್ಪತ್ತೈದು ವರ್ಷ ಆಕೆ ಏನು ಮಾಡಿದಳು, ಮಗ ಬರಬಹುದೆಂದು ಆ ನೆರೆಹೊರೆಯನ್ನು ಬಿಡದೆ ಹೇಗೆ ಉಳಿದಳು ಎಂಬುದು ಚಿತ್ರದಲ್ಲಿ ಒಂದು ವಾಕ್ಯದಷ್ಟಾಗುತ್ತದೆ. ಮಗನ ಹುಡುಕಾಟ ಕಥೆಯಾಯಿತು, ತಾಯಿಯ ಕಾಯುವಿಕೆ ಟಿಪ್ಪಣಿಯಾಯಿತು. ದತ್ತು ಪಡೆದ ತಾಯಿ ಸೂಗೆ ತನ್ನ ನಿರ್ಧಾರವನ್ನು ವಿವರಿಸುವ ದೀರ್ಘವಾದ ದೃಶ್ಯವಿದೆ. ಹೆತ್ತ ತಾಯಿಗೆ ಅಂಥ ಒಂದು ದೃಶ್ಯವಿಲ್ಲ. ಕೊನೆಯಲ್ಲಿ ನಿಜಜೀವನದ ಇಬ್ಬರು ತಾಯಂದಿರು ತಬ್ಬಿಕೊಳ್ಳುವ ಚಿತ್ರಣವನ್ನು ಜೋಡಿಸಿರುವುದು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ.

4

ಮಣಿರತ್ನಂ ಅವರ ತಮಿಳು ಚಿತ್ರ ‘ಕನ್ನತ್ತಿಲ್ ಮುತ್ತಮಿಟ್ಟಾಲ್’ (2002) ಸುಜಾತಾ ಅವರ ಸಣ್ಣಕಥೆಯೊಂದರಿಂದ ಹುಟ್ಟಿದ್ದು. ತಮಿಳನ್ನು ಮನೆಮಾತಾಗಿ ಉಳ್ಳವರೇ ದೊಡ್ಡ ಸಂಖ್ಯೆಯಲ್ಲಿರುವ ಚಿನ್ನದ ಗಣಿಯ ಪ್ರದೇಶಕ್ಕೆ ಪರಕೀಯವಲ್ಲದ ಚಿತ್ರವಿದು. ಶ್ರೀಲಂಕೆಯ ನಿರಾಶ್ರಿತ ಹೆಂಗಸೊಬ್ಬಳು ರಾಮೇಶ್ವರದಲ್ಲಿ ಹೆತ್ತು ಬಿಟ್ಟುಹೋದ ಮಗು ಅಮುದಾ. ಅವಳನ್ನು ಸಾಕುವ ಆಸೆಯುಳ್ಳ ತಿರುಚೆಲ್ವನ್ ಅವಿವಾಹಿತ. ದತ್ತುವಿಗೆ ದಂಪತಿಗಳೇ ಬೇಕೆಂದಾಗ ಆತ ಇಂದ್ರಾಳನ್ನು ಮದುವೆಯಾಗುತ್ತಾನೆ. ಇಲ್ಲಿ ಸಂಸಾರವು ಮಗುವನ್ನು ಪಡೆಯುವುದಿಲ್ಲ, ಮಗುವೇ ಸಂಸಾರವನ್ನು ಕಟ್ಟುತ್ತದೆ.

ಒಂಬತ್ತನೆಯ ಹುಟ್ಟುಹಬ್ಬದ ದಿನ ಸತ್ಯ ತಿಳಿದ ಹುಡುಗಿ ಹೆತ್ತವಳನ್ನು ಕಾಣಬೇಕೆಂದು ಹಟ ಹಿಡಿಯುತ್ತಾಳೆ. ತಂದೆತಾಯಿ ಅವಳನ್ನು ಯುದ್ಧದ ನಡುವಿನ ಶ್ರೀಲಂಕೆಗೆ ಕರೆದೊಯ್ಯುತ್ತಾರೆ. ‘ಲಯನ್’ ಚಿತ್ರದ ಮೂಲಶೋಧ ವಯಸ್ಕನದು, ಏಕಾಂತದ್ದು, ಯಂತ್ರದ ಸಹಾಯದ್ದು. ಇಲ್ಲಿಯದು ಮಗುವಿನದು, ಸಾಕಿದವರ ಸಮ್ಮತಿಯೊಂದಿಗೆ ನಡೆಯುವಂಥದು. ಇನ್ನೂ ಮುಖ್ಯವಾದ ವ್ಯತ್ಯಾಸ ಮುಕ್ತಾಯದಲ್ಲಿದೆ. ಹೋರಾಟಗಾರ್ತಿಯಾಗಿರುವ ತಾಯಿ ಶ್ಯಾಮಾ ಮಗಳನ್ನು ಕಾಣುತ್ತಾಳೆ, ಆದರೆ ಜೊತೆಯಲ್ಲಿ ಬರಲು ಒಪ್ಪುವುದಿಲ್ಲ. ಆ ನಿರಾಕರಣೆಯಲ್ಲಿ ಅವಳಿಗೆ ತನ್ನದೇ ಆದ ಬದುಕೊಂದಿದೆ, ಕಾರಣವೊಂದಿದೆ ಎಂಬುದು ಸ್ಥಾಪಿತವಾಗುತ್ತದೆ. ಮಗಳ ಕಥೆಗೆ ಉತ್ತರ ಒದಗಿಸುವುದಷ್ಟೇ ಅವಳ ಕೆಲಸವಾಗಿ ಉಳಿಯುವುದಿಲ್ಲ.

ಸಾಕುತಂದೆ ಕಥೆಗಾರನೆಂಬುದು, ಹೆಂಡತಿಯ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡವನೆಂಬುದು ಕೂಡ ಆಕಸ್ಮಿಕವಲ್ಲ. ಇನ್ನೊಬ್ಬರ ಹೆಸರನ್ನು ತನ್ನದಾಗಿಸಿಕೊಂಡು ಬರೆಯುವವನು ಇನ್ನೊಬ್ಬರ ಮಗುವನ್ನು ತನ್ನದಾಗಿಸಿಕೊಂಡಿದ್ದಾನೆ. ಸಣ್ಣಕಥೆಯನ್ನು ಹಿಗ್ಗಿಸಿದ ನಿರ್ದೇಶಕ ಆ ಹಿಗ್ಗಿದ ಜಾಗವನ್ನು ಹೆಚ್ಚಾಗಿ ಎರಡು ತೀರಗಳ ತಮಿಳಿನ ಅಂತರಕ್ಕೆ, ಯುದ್ಧದಿಂದ ಊರು ಬಿಡುವ ಜನರಿಗೆ ಮೀಸಲಿಟ್ಟಿದ್ದಾರೆ. ಹಾಡು, ಹೊಗೆ, ಸ್ಫೋಟಗಳ ದೃಶ್ಯವೈಭವ ಕೆಲವೆಡೆ ಅತಿಯಾದರೂ, ಮಗು ಯಾವ ಕಾರಣದಿಂದ ದತ್ತುವಿಗೆ ಬಂದಿತೆಂಬ ರಾಜಕೀಯ ಪ್ರಶ್ನೆಯನ್ನು ಚಿತ್ರ ಮುಚ್ಚಿಡುವುದಿಲ್ಲ.

5

ಕನ್ನಡದ ಹೊಸ ಅಲೆಯ ಚಿತ್ರಗಳು ಬಹುಪಾಲು ಕಾದಂಬರಿಗಳನ್ನು ಆಶ್ರಯಿಸಿದವು. ಮಗು ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು ನಿರ್ದೇಶಿಸಿದ ‘ವಂಶವೃಕ್ಷ’ (1972) ಚಿತ್ರದಲ್ಲಿ ಮರುಮದುವೆಯಾದ ಕಾತ್ಯಾಯನಿ ತನ್ನ ಮಗನನ್ನು ಮಾವ ಶ್ರೀನಿವಾಸ ಶ್ರೋತ್ರಿಯರ ಮನೆಯಲ್ಲೇ ಬಿಟ್ಟುಬರಬೇಕಾಗುತ್ತದೆ. ವಂಶದ ಪಾವಿತ್ರ್ಯವನ್ನು ನಂಬಿದ ಶ್ರೋತ್ರಿಯರಿಗೆ ತಮ್ಮ ಹುಟ್ಟೇ ಆ ವಂಶಕ್ಕೆ ಸೇರಿದ್ದಲ್ಲವೆಂದು ಕೊನೆಯಲ್ಲಿ ತಿಳಿಯುತ್ತದೆ. ಅವರದು ಬೇಡದೆ ಒದಗಿದ ಮೂಲಶೋಧ.

ದತ್ತುವನ್ನು ನೇರವಾಗಿ ಎದುರಿಸಿದ ಚಿತ್ರ ಗಿರೀಶ ಕಾಸರವಳ್ಳಿಯವರ ‘ತಾಯಿಸಾಹೇಬ’ (1997). ರಂ.ಶಾ. ಲೋಕಾಪುರರ ಕಾದಂಬರಿ ಇದರ ಆಧಾರ. ಮಕ್ಕಳಿಲ್ಲದ ತಾಯಿಸಾಹೇಬ ದತ್ತು ತೆಗೆದುಕೊಂಡ ಹುಡುಗನಿಗೂ ಪತಿ ಅಪ್ಪಾಸಾಹೇಬರಿಗೆ ಉಪಪತ್ನಿಯಲ್ಲಿ ಹುಟ್ಟಿದ ಮಗಳಿಗೂ ಪ್ರೇಮವುಂಟಾಗುತ್ತದೆ. ರಕ್ತದ ಲೆಕ್ಕದಲ್ಲಿ ಅವರಿಬ್ಬರಿಗೆ ಸಂಬಂಧವಿಲ್ಲ. ದತ್ತುವಿನ ಲೆಕ್ಕದಲ್ಲಿ ಅವರು ಅಣ್ಣತಂಗಿಯರು. ಕಾಗದದ ಮೇಲಿನ ಸಂಬಂಧವೇ ನಿಜವೆಂದು ಸಮಾಜ ಒಪ್ಪಿದ ಮೇಲೆ, ಅದೇ ಕಾಗದ ಇಬ್ಬರು ಎಳೆಯರ ಬದುಕಿಗೆ ಅಡ್ಡ ನಿಲ್ಲುತ್ತದೆ. ಆಸ್ತಿ ಉಳಿಸಲು ರಚಿತವಾದ ನಿಯಮದೊಳಗೆ ಸಿಕ್ಕಿಕೊಂಡ ಮನುಷ್ಯರನ್ನು ಕಾಸರವಳ್ಳಿ ವಾಡೆಯ ಒಳಾಂಗಣಗಳಲ್ಲಿ, ಮೌನದಲ್ಲಿ ತೋರಿಸುತ್ತಾರೆ. ದತ್ತುವಿನಲ್ಲಿ ಎಂದೂ ಮಾತಿಗೆ ಅವಕಾಶ ಪಡೆಯದ ಸ್ತ್ರೀಯ ದೃಷ್ಟಿ ಚಿತ್ರದ ಕೇಂದ್ರಕ್ಕೆ ಬರುತ್ತದೆ.

ರೂಪಾಂತರದ ಸಮಸ್ಯೆಯನ್ನು ಇನ್ನಷ್ಟು ಸ್ಪಷ್ಟವಾಗಿ ಮುಂದಿಡುವ ಕೃತಿ ಅದೇ ನಿರ್ದೇಶಕರ ‘ನಾಯಿ ನೆರಳು’ (2006). ಭೈರಪ್ಪನವರ ಈ ಕಾದಂಬರಿಯಲ್ಲಿ ಸತ್ತ ಮಗ ಇನ್ನೊಂದು ಊರಿನಲ್ಲಿ ಮರುಹುಟ್ಟು ಪಡೆದಿದ್ದಾನೆಂದು ನಂಬಿದ ಮನೆಯವರು ಆ ತರುಣನನ್ನು ಕರೆತಂದು ಮಗನೆಂದು ಒಪ್ಪಿಕೊಳ್ಳುತ್ತಾರೆ. ಇದು ವಿಧಿಯಿಲ್ಲದ, ಕಾಗದವಿಲ್ಲದ ದತ್ತು. ನಂಬಿಕೆಯೇ ಅದರ ಪ್ರಮಾಣಪತ್ರ. ಕಾದಂಬರಿಯ ಆಸಕ್ತಿ ಪುನರ್ಜನ್ಮದ ಜಿಜ್ಞಾಸೆಯಲ್ಲಿದ್ದರೆ, ಚಿತ್ರದ ಆಸಕ್ತಿ ಆ ನಂಬಿಕೆಯ ಭಾರವನ್ನು ಹೊರಬೇಕಾದ ವಿಧವೆ ವೆಂಕಟಲಕ್ಷ್ಮಿಯಲ್ಲಿದೆ. ಮರುಹುಟ್ಟು ನಿಜವೇ ಎಂಬುದನ್ನು ಚಿತ್ರ ತೀರ್ಮಾನಿಸುವುದಿಲ್ಲ. ಆ ಮಾತನ್ನು ನಂಬಿದವರು, ನಂಬದವರು, ನಂಬಬೇಕಾಗಿ ಬಂದವರು ಏನಾದರು ಎಂಬುದನ್ನು ಹಿಂಬಾಲಿಸುತ್ತದೆ. ಕಾದಂಬರಿಯನ್ನು ಓದಿದವರಿಗೆ ಇದು ಪಲ್ಲಟವೆಂದು ತೋರಬಹುದು. ಆದರೆ ಕಾದಂಬರಿಯೊಳಗೇ ಇದ್ದು ಮಾತಾಡದ ಪಾತ್ರವೊಂದಕ್ಕೆ ಮಾತು ಕೊಡುವುದು ಮೂಲವನ್ನು ಅಳಿಸುವ ಕ್ರಿಯೆಯಲ್ಲ. ಮೂಲದಲ್ಲಿ ಅಡಗಿದ್ದುದನ್ನು ಬೆಳಕಿಗೆ ತರುವ ಕ್ರಿಯೆ ಅದು. ನಿಷ್ಠೆ ಮತ್ತು ದ್ರೋಹ ಎಂಬ ಎರಡೇ ಪದಗಳಿಂದ ರೂಪಾಂತರವನ್ನು ಅಳೆಯುವ ರೂಢಿ ಸಾಲದೆಂಬುದಕ್ಕೆ ಈ ಚಿತ್ರ ಉತ್ತಮ ನಿದರ್ಶನ.

6

ಈಗ ಚಿನ್ನದ ಗಣಿಗೆ ಬರಬಹುದು. ಪ್ರಶಾಂತ್ ನೀಲ್ ನಿರ್ದೇಶನದ ‘ಕೆ.ಜಿ.ಎಫ್: ಚಾಪ್ಟರ್ 1’ 2018ರ ಡಿಸೆಂಬರಿನಲ್ಲೂ ‘ಚಾಪ್ಟರ್ 2’ 2022ರ ಏಪ್ರಿಲ್‌ನಲ್ಲೂ ಬಿಡುಗಡೆಯಾದವು. ಕನ್ನಡದ ಚಿತ್ರವೊಂದು ಭಾರತದ ಎಲ್ಲ ಭಾಷೆಗಳ ಪ್ರೇಕ್ಷಕರನ್ನು ಈ ಪ್ರಮಾಣದಲ್ಲಿ ತಲುಪಿದ್ದು ಅದಕ್ಕೆ ಮೊದಲು ಇರಲಿಲ್ಲ. ಪ್ರಸ್ತುತ ಚರ್ಚೆಗೆ ಈ ಚಿತ್ರಗಳು ಎರಡು ಕಾರಣಗಳಿಂದ ಮುಖ್ಯ.

ಮೊದಲನೆಯದಾಗಿ, ಇವು ಯಾವ ಕಾದಂಬರಿಯನ್ನೂ ಆಧರಿಸಿಲ್ಲ, ಆದರೂ ಪುಸ್ತಕವೊಂದನ್ನು ಆಧರಿಸಿದಂತೆ ಕಥೆಯನ್ನು ಹೇಳುತ್ತವೆ. ಆನಂದ ಇಂಗಳಗಿ ಎಂಬ ಪತ್ರಕರ್ತ ಬರೆದ, ಸರ್ಕಾರದ ನಿಷೇಧಕ್ಕೊಳಗಾದ ‘ಎಲ್ ಡೊರಾಡೊ’ ಎಂಬ ಪುಸ್ತಕ ಚಿತ್ರದೊಳಗೇ ಇದೆ. ದೂರದರ್ಶನ ವಾಹಿನಿಯ ಸಂದರ್ಶನದಲ್ಲಿ ಲೇಖಕ ಕಥೆಯನ್ನು ಬಿಚ್ಚುತ್ತಾನೆ, ಎರಡನೆಯ ಭಾಗದಲ್ಲಿ ಅವನ ಮಗ ಮುಂದುವರಿಸುತ್ತಾನೆ. ಇಲ್ಲದ ಪುಸ್ತಕವೊಂದನ್ನು ಕಲ್ಪಿಸಿಕೊಂಡು ಅದರ ರೂಪಾಂತರವಾಗಿ ತನ್ನನ್ನು ಮಂಡಿಸಿಕೊಳ್ಳುವ ಈ ತಂತ್ರ ಚಿತ್ರಕ್ಕೆ ದಾಖಲೆಯ ಗೌರವವನ್ನು ತಂದುಕೊಡುತ್ತದೆ. ಅಳಿಸಲ್ಪಟ್ಟ ಚರಿತ್ರೆಯನ್ನು ತಾನು ಉಳಿಸುತ್ತಿದ್ದೇನೆಂಬ ಭಾವವನ್ನು ಮೂಡಿಸುತ್ತದೆ.

ಎರಡನೆಯದಾಗಿ, ಇದು ತಬ್ಬಲಿಯ ಕಥೆ. ತಾಯಿಯನ್ನು ಕಳೆದುಕೊಂಡ ರಾಜಾ ಕೃಷ್ಣಪ್ಪ ಬೈರ್ಯ ಎಂಬ ಹುಡುಗ ಬೊಂಬಾಯಿಗೆ ಹೋಗಿ ರಾಕಿ ಎಂಬ ಹೆಸರನ್ನು ಪಡೆಯುತ್ತಾನೆ. ಕುಟುಂಬವೂ ಸಂಸ್ಥೆಯೂ ಅವನನ್ನು ಸಾಕುವುದಿಲ್ಲ, ಭೂಗತಲೋಕ ಸಾಕುತ್ತದೆ. ಹೆತ್ತ ತಾಯಿಯ ಮಾತು ಮಾತ್ರ ಅವನನ್ನು ಬಿಡುವುದಿಲ್ಲ. ಆಕೆಗೆ ಕೊಟ್ಟ ಭಾಷೆಯೇ ಅವನನ್ನು ಗಣಿಯವರೆಗೆ ನಡೆಸುತ್ತದೆ. ದತ್ತುವಿನ ಕಥನಗಳಲ್ಲಿ ಅಂಚಿಗೆ ಸರಿಯುವ ಹೆತ್ತ ತಾಯಿ ಇಲ್ಲಿ ಕೇಂದ್ರದಲ್ಲಿದ್ದಾಳೆ. ಚಿತ್ರದ ಜನಪ್ರಿಯತೆಯಲ್ಲಿ ಇದರ ಪಾಲು ಸಣ್ಣದಲ್ಲ.

ತಾಯಿಗೆ ಕೊಟ್ಟ ಈ ಸ್ಥಾನವನ್ನು ಚಿತ್ರ ತನ್ನ ಹೆಸರಿನ ಮೂಲವಾದ ನೆಲಕ್ಕೆ ಕೊಟ್ಟಿಲ್ಲ. ಚಿತ್ರದ ಪ್ರಕಾರ ಚಿನ್ನ ಪತ್ತೆಯಾದದ್ದು ನಾಯಕ ಹುಟ್ಟಿದ 1951ರಲ್ಲಿ, ನರಾಚಿ ಎಂಬ ಸ್ಥಳದಲ್ಲಿ. ಅಲ್ಲಿ ದುಡಿಯುವವರು ಸರಪಳಿಯ ಗುಲಾಮರು, ಒಡೆಯರು ಒಂದು ಕ್ರೂರ ಕುಟುಂಬ. ನಿಜವಾದ ಕೋಲಾರ ಚಿನ್ನದ ಗಣಿಯಲ್ಲಿ ಮೈಕೆಲ್ ಲ್ಯಾವೆಲ್ 1870ರ ದಶಕದಲ್ಲೇ ಪರವಾನಗಿ ಪಡೆದಿದ್ದನು. 1880ರಿಂದ ಜಾನ್ ಟೇಲರ್ ಮತ್ತು ಸನ್ಸ್ ಕಂಪನಿ ಗಣಿಗಾರಿಕೆಯನ್ನು ನಡೆಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಹರಿಯಿತು. 1951ರ ಹೊತ್ತಿಗೆ ಗಣಿಗಳು ಜಗತ್ತಿನ ಅತ್ಯಂತ ಆಳವಾದವುಗಳಲ್ಲಿ ಸೇರಿದ್ದವು. ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿಲೋಮೀಟರಿಗಿಂತ ಹೆಚ್ಚಿನ ಆಳಕ್ಕೆ ಇಳಿಯಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು, 1962ರಲ್ಲಿ ಅವು ಕೇಂದ್ರ ಸರ್ಕಾರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ರಚನೆಯಾಯಿತು. ಚಿತ್ರದ ನಾಯಕ ಗುಲಾಮರನ್ನು ಬಿಡಿಸುವ ಕಾಲಕ್ಕೆ ವಾಸ್ತವದ ಗಣಿ ಸಾರ್ವಜನಿಕ ಉದ್ಯಮವಾಗಿತ್ತು. ಅದಕ್ಕೆ ಕಾರ್ಮಿಕ ಸಂಘಗಳಿದ್ದವು, 1930ರಷ್ಟು ಹಿಂದೆಯೇ ಮುಷ್ಕರ ಹೂಡಿದ ಚರಿತ್ರೆಯಿತ್ತು.

ಜನಪ್ರಿಯ ಚಿತ್ರದಿಂದ ಇತಿಹಾಸಪಾಠವನ್ನು ನಿರೀಕ್ಷಿಸುವುದು ತಪ್ಪೆಂಬ ಉತ್ತರ ಇಲ್ಲಿ ಸಹಜವಾಗಿ ಬರುತ್ತದೆ. ಅದರಲ್ಲಿ ಸತ್ಯಾಂಶವಿದೆ. ಆದರೆ ಆಕ್ಷೇಪ ಇರುವುದು ಕಲ್ಪನೆಯ ಬಗ್ಗೆ ಅಲ್ಲ, ಕಲ್ಪನೆಗೆ ಅಂಟಿಸಿದ ಹೆಸರಿನ ಬಗ್ಗೆ. ಉತ್ತರ ಆರ್ಕಾಟಿನಿಂದ, ಚಿತ್ತೂರಿನ ಕಡೆಯಿಂದ ಬಂದು ನೆಲದಡಿಯ ಬಿಸಿಯಲ್ಲಿ, ಬಂಡೆ ಸಿಡಿತದ ಭಯದಲ್ಲಿ ಮೂರು ನಾಲ್ಕು ತಲೆಮಾರು ದುಡಿದ, ಬಹುಪಾಲು ದಲಿತರಾದ ಕಾರ್ಮಿಕರಿಗೆ ಈ ಹೆಸರು ಸೇರಿದ್ದು. ಅವರು ಸಂಘ ಕಟ್ಟಿದರು, ಶಾಲೆಗೆ ಮಕ್ಕಳನ್ನು ಕಳುಹಿಸಿದರು, ಬುದ್ಧನನ್ನೂ ಅಂಬೇಡ್ಕರರನ್ನೂ ಓದಿದರು. ತಮ್ಮನ್ನು ಬಿಡಿಸಲು ಹೊರಗಿನ ಒಬ್ಬ ವೀರ ಬರಲೆಂದು ಅವರು ಕಾದು ಕುಳಿತವರಲ್ಲ. ಚಿತ್ರದ ಗುಲಾಮರಿಗೆ ಹಾಡಿದೆ, ಕೂಗಿದೆ, ಆದರೆ ಸಂಘವಿಲ್ಲ. ಸೈನೈಡ್ ದಿಬ್ಬಗಳ ಮೇಲೆ ಚಿತ್ರೀಕರಣ ನಡೆದು ನೆಲದ ಮೇಲ್ಮೈ ತೆರೆಗೆ ಬಂದಿತು. ನೆಲದೊಳಗಿನ ಬದುಕು ಬರಲಿಲ್ಲ. ದತ್ತುವಿನ ಭಾಷೆಯಲ್ಲಿ ಹೇಳುವುದಾದರೆ, ಚಿತ್ರವು ಮಗುವಿನ ಹೆಸರನ್ನು ಪಡೆದುಕೊಂಡು ಕಡತವನ್ನು ಕೈಬಿಟ್ಟಿದೆ. ನಿಷೇಧಿತ ಪುಸ್ತಕವೊಂದನ್ನು ಕಲ್ಪಿಸಿದ ಚಿತ್ರಕ್ಕೆ, ನಿಷೇಧವೇ ಇಲ್ಲದೆ ಓದುಗರಿಲ್ಲದೆ ಉಳಿದ ನಿಜವಾದ ದಾಖಲೆಗಳು ಕಾಣಲಿಲ್ಲವೆಂಬುದು ವಿಪರ್ಯಾಸ.

ಪಾ. ರಂಜಿತ್ ಅವರ ತಮಿಳು ಚಿತ್ರ ‘ತಂಗಲಾನ್’ (2024) ಈ ಕೊರತೆಗೆ ಉತ್ತರವೆಂಬಂತೆ ಬಂದಿತು. ಅದೂ ವಾಸ್ತವವಾದಿ ಚಿತ್ರವಲ್ಲ. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಅಧಿಕಾರಿಯ ಹಿಂದೆ ಚಿನ್ನ ಹುಡುಕಲು ಹೊರಟ ಉತ್ತರ ಆರ್ಕಾಟಿನ ಜನರ ಕಥೆಯನ್ನು ಪುರಾಣದ ಬಣ್ಣದಲ್ಲಿ ಹೇಳುತ್ತದೆ. ಅದರ ನಿರೂಪಣೆ ಹಲವೆಡೆ ತೊಡಕಾಗಿದೆ, ಸಂಕೇತಗಳು ಒಂದರ ಮೇಲೊಂದು ಬೀಳುತ್ತವೆ. ಆದರೂ ಮಣ್ಣನ್ನು ಮೊದಲು ಅಗೆದವರು ಯಾರು, ಆ ಮಣ್ಣಿನೊಂದಿಗೆ ಅವರ ಪೂರ್ವಿಕರ ಸಂಬಂಧವೇನು ಎಂಬ ಪ್ರಶ್ನೆಯನ್ನು ಅದು ಕಾರ್ಮಿಕರ ಕಡೆಯಿಂದ ಕೇಳುತ್ತದೆ. ಕಲ್ಪನೆಯೇ ಆಗಿದ್ದರೂ ಅದು ಮೂಲಶೋಧದ ಕಲ್ಪನೆ.

7

ಮೇಲಿನ ವಿಶ್ಲೇಷಣೆಯಿಂದ ಕೆಲವು ಮಾತುಗಳನ್ನು ಸಂಗ್ರಹಿಸಬಹುದು. ದತ್ತು ಕುರಿತ ಚಿತ್ರದ ಯೋಗ್ಯತೆಯನ್ನು ಪುನರ್ಮಿಲನದ ದೃಶ್ಯ ತರಿಸುವ ಕಣ್ಣೀರಿನಿಂದ ಅಳೆಯಲಾಗದು. ಹೆತ್ತವಳಿಗೆ ತನ್ನದೇ ಬದುಕು ಇದೆಯೇ, ಮಗು ಬಿಟ್ಟುಹೋದುದಕ್ಕೆ ಕಾರಣವಾದ ಬಡತನ, ಯುದ್ಧ, ನಿಯಮಗಳು ಕಾಣುತ್ತವೆಯೇ, ಮಗುವಿಗೆ ಕೇಳುವ ಹಕ್ಕಿದೆಯೇ ಎಂಬ ಪ್ರಶ್ನೆಗಳಿಂದ ಅಳೆಯಬೇಕು. ‘ಕನ್ನತ್ತಿಲ್ ಮುತ್ತಮಿಟ್ಟಾಲ್’ ಈ ಪ್ರಶ್ನೆಗಳಿಗೆ ಹೆಚ್ಚು ಪೂರ್ಣವಾಗಿ, ‘ಲಯನ್’ ಭಾಗಶಃ ಉತ್ತರಿಸುತ್ತದೆ. ಕಾಸರವಳ್ಳಿಯವರ ಚಿತ್ರಗಳು ದೇಶ ದಾಟದೆಯೇ ಇವೇ ಪ್ರಶ್ನೆಗಳನ್ನು ಮನೆಯೊಳಗೆ ಕೇಳುತ್ತವೆ. ಕೃತಿಯ ರೂಪಾಂತರವನ್ನೂ ಇದೇ ಅಳತೆಗೋಲಿನಿಂದ ನೋಡಬಹುದು. ಬದಲಾವಣೆ ಅಪರಾಧವಲ್ಲ. ಬದಲಾವಣೆಯ ಮೂಲಕ ಮೂಲದ ಮೌನ ಮಾತಾಯಿತೇ ಅಥವಾ ಮೂಲದ ಮಾತು ಮೌನವಾಯಿತೇ ಎಂಬುದನ್ನು ವಿಮರ್ಶೆ ಗುರುತಿಸಬೇಕು.

ಚಿನ್ನದ ಗಣಿಯ ವಿಷಯದಲ್ಲಿ ಈ ಪ್ರಶ್ನೆ ಕೇವಲ ಸೌಂದರ್ಯಮೀಮಾಂಸೆಯದಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ದೀರ್ಘಕಾಲ ಬಂಗಾರಪೇಟೆ ತಾಲ್ಲೂಕಿನ ಭಾಗವಾಗಿದ್ದು ಈಗ ಬೇರೆ ತಾಲ್ಲೂಕಾಗಿರುವ ಈ ಊರಿನಿಂದ ಮುಂಜಾನೆಯ ರೈಲುಗಳಲ್ಲಿ ಜನ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಾರೆ. ಆಳದ ಗಣಿಯಲ್ಲಿ ದುಡಿದು ಅದನ್ನು ನೆನಪಿನಿಂದ ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಮಾತು ತಮಿಳು, ತೆಲುಗು, ಕನ್ನಡಗಳಲ್ಲಿ ಹರಡಿಕೊಂಡಿದೆ. ಯಾವ ಒಂದು ಭಾಷೆಯ ಸಾಹಿತ್ಯಚರಿತ್ರೆಯೂ ಅದನ್ನು ತನ್ನದೆಂದು ಪೂರ್ತಿಯಾಗಿ ಸ್ವೀಕರಿಸಿಲ್ಲ. ಈ ಅರ್ಥದಲ್ಲಿ ಗಣಿಯ ಅನುಭವವೇ ಮನೆ ಸಿಗದ ಮಗು. ಅದನ್ನು ಬರಹಕ್ಕಿಳಿಸುವ, ಕಾದಂಬರಿಗೂ ಚಿತ್ರಕ್ಕೂ ಆಕರವಾಗುವಂತೆ ಸಂಗ್ರಹಿಸುವ ಕೆಲಸ ವಿಶ್ವವಿದ್ಯಾಲಯಗಳ ಮತ್ತು ಅಕಾಡೆಮಿಗಳ ಪಾಲಿನದು. ಇಂಥ ಆಕರ ಸಿದ್ಧವಾದರೆ ಮುಂದಿನ ಚಿತ್ರಕಾರನಿಗೆ ಇಲ್ಲದ ಪುಸ್ತಕವೊಂದನ್ನು ಕಲ್ಪಿಸಿಕೊಳ್ಳುವ ಅಗತ್ಯ ಬೀಳದು. ಸರೂ ತನ್ನ ಊರನ್ನು ಹುಡುಕಲು ಇಪ್ಪತ್ತೈದು ವರ್ಷ ಬೇಕಾದದ್ದು ಹೆಸರೊಂದು ತಪ್ಪಾಗಿ ಬರೆಯಲ್ಪಟ್ಟದ್ದರಿಂದ. ಬೌರಿಂಗ್‌ಪೇಟೆ, ಬಂಗಾರಪೇಟೆಗಳ ನಡುವೆ, ಊರಿಗಾಂ, ಮಾರಿಕುಪ್ಪಂಗಳ ನಡುವೆ ಬದುಕಿದವರ ಹೆಸರುಗಳನ್ನು ಸರಿಯಾಗಿ ಬರೆದಿಡುವ ಕೆಲಸ ಅವರಲ್ಲಿ ಕೆಲವರಾದರೂ ಇರುವಾಗಲೇ ನಡೆಯಬೇಕು.